ಕಡಲ ಕೆಸರಿನಿಂದ ಕ್ಯಾನ್ಸರ್ ಮದ್ದಿನತ್ತ

ಮಳೆ ಬಿದ್ದೊಡನೆ ಮಣ್ಣಿನಿಂದ ಏಳುವ ಪರಿಮಳಕ್ಕೆ ಮುಖ್ಯ ಕಾರಣ ಆಕ್ಟಿನೋಮೈಸಿಟ್ ಎಂಬ ಬ್ಯಾಕ್ಟೀರಿಯಾಗಳು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ದೊರೆತ ಕ್ಷಯರೋಗದ ಮದ್ದು ಸ್ಟ್ರೆಪ್ಟೋಮೈಸಿನ್ ಕೂಡ ಈ ವರ್ಗದ ಜೀವಿಯದೇ ಕೊಡುಗೆ. ಆ ಬಳಿಕ ಔಷಧ ಕಂಪನಿಗಳು ದೇಶದೇಶಗಳ ಮಣ್ಣನ್ನು ಜಾಲಾಡಿದವು. ಕೆಲವೇ ದಶಕಗಳಲ್ಲಿ, ಸಿಕ್ಕಿದ್ದೇ ಮತ್ತೆ ಮತ್ತೆ ಸಿಗತೊಡಗಿತು.

ಕಡಲ ತಳದ ಕೆಸರಿನತ್ತ ಮಾತ್ರ ಹೆಚ್ಚಿನವರ ಗಮನ ಹರಿದಿರಲಿಲ್ಲ. ಅಲ್ಲಿ ಕಾಣುವ ಆಕ್ಟಿನೋಮೈಸಿಟ್‌ಗಳು ನದಿಗಳು ನೆಲದಿಂದ ಕೊಚ್ಚಿ ತಂದವು, ಕಡಲಿನ ನಿಜವಾದ ನಿವಾಸಿಗಳಲ್ಲ ಎಂಬ ನಂಬಿಕೆ ಪ್ರಬಲವಾಗಿತ್ತು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ವಿಲಿಯಂ ಫೆನಿಕಲ್ ಮತ್ತು ಪಾಲ್ ಜೆನ್ಸೆನ್ ಇದನ್ನು ಒಪ್ಪಲಿಲ್ಲ. ಬಹಾಮಾಸ್ ದ್ವೀಪಗಳ ಬಳಿಯ ಕೆಸರಿನಲ್ಲಿ ಅವರ ತಂಡಕ್ಕೆ ದೊರೆತ ಬ್ಯಾಕ್ಟೀರಿಯಾಗಳಲ್ಲಿ ಕೆಲವು, ಸಮುದ್ರದ ನೀರು ಬೆರೆಸದಿದ್ದರೆ ಬೆಳೆಯಲೇ ಒಲ್ಲವು. ಅವು ಕಡಲ ಮಕ್ಕಳೇ ಎನ್ನಲು ಬೇರೆ ಪುರಾವೆ ಬೇಕೆ? 2005ರಲ್ಲಿ ಈ ಕುಲಕ್ಕೆ ಸಲಿನಿಸ್ಪೋರಾ ಎಂಬ ಹೆಸರು ಅಧಿಕೃತವಾಯಿತು.

ಅಷ್ಟರಲ್ಲಿ, 2003ರಲ್ಲಿ, ಸಲಿನಿಸ್ಪೋರಾ ಟ್ರೋಪಿಕಾದಿಂದ ಸಲಿನೋಸ್ಪೋರಮೈಡ್-ಎ ಎಂಬ ಸಂಯುಕ್ತ ಪತ್ತೆಯಾಗಿತ್ತು. ಜೀವಕೋಶದೊಳಗೆ ಕೆಟ್ಟ ಪ್ರೋಟೀನುಗಳನ್ನು ಕತ್ತರಿಸಿ ವಿಲೇವಾರಿ ಮಾಡುವ ಪ್ರೋಟಿಯಾಸೋಮ್ ಎಂಬ ಯಂತ್ರವೊಂದಿದೆ. ಕೆಲವು ಕ್ಯಾನ್ಸರ್ ಕೋಶಗಳು ಇದನ್ನು ವಿಪರೀತವಾಗಿ ಅವಲಂಬಿಸಿರುತ್ತವೆ. ಅದು ನಿಂತರೆ ಕಸ ರಾಶಿಬಿದ್ದು ಕೋಶ ಸಾಯುತ್ತದೆ. ಅಸ್ಥಿಮಜ್ಜೆಯ ಕ್ಯಾನ್ಸರಿಗೆ ಅಮೆರಿಕದಲ್ಲಿ ಅದೇ ವರ್ಷ ಅನುಮತಿ ಪಡೆದ ಬೋರ್ಟೆಜೋಮಿಬ್ ಕೆಲಸ ಮಾಡುವುದೂ ಹೀಗೆಯೇ. ಆದರೆ ಅದರ ಹಿಡಿತ ಕ್ರಮೇಣ ಸಡಿಲುತ್ತದೆ. ಕಡಲ ಸಂಯುಕ್ತವಾದರೋ ಒಮ್ಮೆ ಹಿಡಿದರೆ ಬಿಡದು. ಅದರಲ್ಲಿರುವ ಕ್ಲೋರಿನ್ ಪರಮಾಣುವೇ ಈ ಪಟ್ಟಿನ ಗುಟ್ಟು.

ಇಂಥ ವಿಷವನ್ನು ಒಡಲಲ್ಲಿಟ್ಟುಕೊಂಡೂ ಬ್ಯಾಕ್ಟೀರಿಯಾ ಸಾಯದಿರುವುದು ಹೇಗೆ? ಅದಕ್ಕೂ ಪ್ರೋಟಿಯಾಸೋಮ್ ಇದೆ. ಆದರೆ ವಿಷಕ್ಕೆ ಬಗ್ಗದ ಇನ್ನೊಂದು ಮಾದರಿಯ ಪ್ರೋಟಿಯಾಸೋಮ್ ಭಾಗವನ್ನು ರೂಪಿಸುವ ವಂಶವಾಹಿ, ವಿಷ ತಯಾರಿಸುವ ವಂಶವಾಹಿಗಳ ಗುಂಪಿನಲ್ಲೇ ಇದೆ. ಮದ್ದೂ ಪ್ರತಿಮದ್ದೂ ಒಂದೇ ಮನೆಯಲ್ಲಿ.

2006ರಲ್ಲಿ ಮಾರಿಜೋಮಿಬ್ ಎಂಬ ಹೆಸರಿನ ಈ ಔಷಧವನ್ನು ರೋಗಿಗಳ ಮೇಲೆ ಪ್ರಯೋಗಿಸಲಾರಂಭಿಸಲಾಯಿತು. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಅನೇಕ ಔಷಧಗಳನ್ನು ತಡೆಯುವ ಗೋಡೆಯನ್ನು ಇದು ದಾಟಬಲ್ಲದು. ಆದುದರಿಂದ ಗ್ಲಿಯೋಬ್ಲಾಸ್ಟೋಮಾ ಎಂಬ ಭೀಕರ ಮಿದುಳು ಕ್ಯಾನ್ಸರ್ ಪೀಡಿತರಲ್ಲಿ ಆಸೆ ಚಿಗುರಿತು. ಯುರೋಪ್ ಮತ್ತು ಕೆನಡಾದ ಸಂಸ್ಥೆಗಳು 749 ರೋಗಿಗಳಲ್ಲಿ ಮೂರನೆಯ ಹಂತದ ಪರೀಕ್ಷೆ ನಡೆಸಿದವು. 2021ರಲ್ಲಿ ಹೊರಬಿದ್ದ ಫಲಿತಾಂಶ ನಿರಾಶೆ ತಂದಿತು. ಪ್ರಚಲಿತ ಚಿಕಿತ್ಸೆಯಷ್ಟನ್ನೇ ಪಡೆದವರ ಬದುಕುಳಿವಿನ ಮಧ್ಯಾಂಕ 17 ತಿಂಗಳಾದರೆ, ಅದರೊಡನೆ ಮಾರಿಜೋಮಿಬ್ ಪಡೆದವರದು 16.5 ತಿಂಗಳು. ನಡಿಗೆಯ ತೂಕ ತಪ್ಪುವುದು, ಭ್ರಮೆಯಂಥ ಅಡ್ಡಪರಿಣಾಮಗಳು ಬೇರೆ. ಗೋಡೆ ದಾಟಿದ ಮದ್ದು, ದಾಟಿದ ಮೇಲೆ ಕಾಯಿಲೆಯನ್ನು ಹಿಮ್ಮೆಟ್ಟಿಸಲಾರದೆ ಹೋಯಿತು.

ಕೆಸರಿನ ಶೋಧ ಇದರಿಂದ ನಿಂತಿಲ್ಲ. 2007ರಲ್ಲಿ ಸಲಿನಿಸ್ಪೋರಾ ಟ್ರೋಪಿಕಾದ ಇಡೀ ಜೀನೋಮನ್ನು ಓದಿದಾಗ, ಅದರ ಸುಮಾರು ಹತ್ತನೆಯ ಒಂದು ಪಾಲು ಇಂಥ ಸಂಯುಕ್ತಗಳ ತಯಾರಿಕೆಗೇ ಮೀಸಲೆಂದು ಕಂಡುಬಂದಿತು. ಅಂಥ ವಂಶವಾಹಿ ಗುಂಪುಗಳು ಒಟ್ಟು 17. ಸಲಿನೋಸ್ಪೋರಮೈಡ್ ಅವುಗಳಲ್ಲಿ ಒಂದೇ ಒಂದರ ಫಲ.