ಒಂದು ಒಲೆ, ನಾಲ್ಕು ನಾಲಿಗೆ

ವಾರದ ದಿನಗಳಲ್ಲಿ ರಾತ್ರಿಯಡುಗೆಗೆ ಹೆಚ್ಚಿನ ಮನೆಗಳಲ್ಲಿ ಸಿಗುವುದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಅನ್ನ, ಸಾರು, ಪಲ್ಯ ಆಗಬೇಕು. ಆದದ್ದು ಎಲ್ಲರಿಗೂ ಸೇರಬೇಕು. ಮಗನಿಗೆ ಸೊಪ್ಪು ಕಂಡರಾಗದು, ಮಗಳು ಬದನೆಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತಾಳೆ, ಅಜ್ಜನಿಗೆ ಖಾರ ಕೂಡದು, ಅಪ್ಪನಿಗೆ ಖಾರವಿಲ್ಲದೆ ಊಟ ಇಳಿಯದು. ಇಂಥ ಮನೆಗಳು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತವೆ: ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡುವುದು, ಇಲ್ಲವೇ ಗದರಿಸಿ ತಿನ್ನಿಸುವುದು. ಮೊದಲನೆಯದರಿಂದ ಅಡುಗೆ ಮಾಡುವವರು ಸೋತುಹೋಗುತ್ತಾರೆ. ಎರಡನೆಯದರಿಂದ ಮಗುವಿಗೆ ಊಟದ ಹೊತ್ತೇ ಬೇಡವಾಗುತ್ತದೆ. ಇವೆರಡೂ ಅಲ್ಲದ ದಾರಿಯೊಂದು ಕನ್ನಡನಾಡಿನ ದಿನನಿತ್ಯದ ಅಡುಗೆಯಲ್ಲೇ ಇದೆ. ಅಡುಗೆ ಒಂದೇ, ಖಾರ, ಹುಳಿ, ಮಸಾಲೆ ಬೀಳುವ ಮೊದಲು ಅದು ಕವಲೊಡೆಯುತ್ತದೆ, ಅಷ್ಟೆ.

ಮಕ್ಕಳು ಯಾಕೆ ಬೇಡ ಎನ್ನುತ್ತಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಮೂರು ಕಿಲೋ ತೂಕದಲ್ಲಿ ಹುಟ್ಟಿದ ಕೂಸು ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸುಮಾರು ಒಂಬತ್ತು ಕಿಲೋ ಆಗುತ್ತದೆ. ಆಮೇಲೆ ವರ್ಷಕ್ಕೆ ಹೆಚ್ಚುವುದು ಎರಡು ಕಿಲೋದ ಆಸುಪಾಸು ಮಾತ್ರ. ಬೆಳವಣಿಗೆ ನಿಧಾನವಾದ ಮೇಲೆ ಹಸಿವೂ ತಗ್ಗುತ್ತದೆ. ‘ಹೋದ ವರ್ಷ ಎಷ್ಟು ಚೆನ್ನಾಗಿ ತಿನ್ನುತ್ತಿದ್ದ’ ಎಂದು ತಾಯಂದಿರು ಕೊರಗುವುದು ಈ ವಯಸ್ಸಿನಲ್ಲೇ. ಇದರ ಜೊತೆಗೆ, ಎರಡರಿಂದ ಆರು ವರ್ಷದ ನಡುವೆ ಗೊತ್ತಿಲ್ಲದ ತಿನಿಸನ್ನು ಕಂಡು ಹಿಂಜರಿಯುವ ಸ್ವಭಾವ ಬಹುಪಾಲು ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಕಹಿ ಮಕ್ಕಳ ನಾಲಿಗೆಗೆ ದೊಡ್ಡವರಿಗಿಂತ ಹೆಚ್ಚು ತಾಗುತ್ತದೆ. ಮೆಂತ್ಯ ಸೊಪ್ಪು, ಹಾಗಲಕಾಯಿ ಬೇಡವೆನ್ನುವುದರಲ್ಲಿ ಹಟಕ್ಕಿಂತ ನಾಲಿಗೆಯ ಪಾಲೇ ದೊಡ್ಡದು. ಎಷ್ಟೋ ಸಲ ರುಚಿಗಿಂತ ಲೋಳೆ, ನಾರು, ಮೆತ್ತಗಾಗುವಿಕೆ ಮಕ್ಕಳನ್ನು ದೂರ ತಳ್ಳುತ್ತವೆ.

ಈ ಹಿಂಜರಿಕೆಗೆ ಮದ್ದು ಪರಿಚಯ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಯನ್ ಬರ್ಚ್ ಮತ್ತು ಜೊತೆಗಾರರು ಹಲವು ವರ್ಷ ನಡೆಸಿದ ಅಧ್ಯಯನಗಳು ತೋರಿಸಿದ್ದು ಇದನ್ನೇ: ಹೊಸ ತಿನಿಸನ್ನು ಮಗು ಒಪ್ಪಿಕೊಳ್ಳಲು ಅದನ್ನು ಎಂಟು-ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲವೂ ಬಾಯಿಗಿಟ್ಟು ನೋಡಬೇಕಾಗುತ್ತದೆ. ಆದರೆ ಬಹಳಷ್ಟು ಮನೆಗಳಲ್ಲಿ ಮೂರ್ನಾಲ್ಕು ಸಲಕ್ಕೇ ‘ಇವಳಿಗೆ ಇದು ಸೇರುವುದಿಲ್ಲ’ ಎಂದು ತೀರ್ಮಾನವಾಗಿಬಿಡುತ್ತದೆ. ಒಂದು ಚಮಚದಷ್ಟು ಪಲ್ಯವನ್ನು ಮಾತಿಲ್ಲದೆ ಬಡಿಸಿ, ಬಿಟ್ಟರೆ ಬಿಡಲಿ ಎಂದು ಸುಮ್ಮನಿರುವುದೇ ಇಲ್ಲಿ ದೊಡ್ಡ ಕೆಲಸ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಈ ಹೊಣೆಯನ್ನು ಚೊಕ್ಕವಾಗಿ ಪಾಲು ಮಾಡಿಕೊಟ್ಟಿದ್ದಾರೆ: ಏನು, ಯಾವಾಗ, ಎಲ್ಲಿ ಎಂಬುದು ಹೆತ್ತವರದು, ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನದು. ‘ಪಲ್ಯ ಮುಗಿಸಿದರೆ ಚಾಕೊಲೇಟ್’ ಎಂಬ ಒಪ್ಪಂದ ಈ ಪಾಲನ್ನು ಕೆಡಿಸುತ್ತದೆ. ಚಾಕೊಲೇಟ್ ಬಹುಮಾನವಾದರೆ ಪಲ್ಯ ದಂಡವಾಗುತ್ತದೆ.

ರಾತ್ರಿಯ ಊಟ ಸೋಲುವುದು ಬಹುಪಾಲು ಸಂಜೆಯೇ. ಆರೂವರೆಗೆ ನಾಲ್ಕು ಬಿಸ್ಕತ್ತು, ದೊಡ್ಡ ಲೋಟ ಹಾಲು ಒಳಗೆ ಹೋದ ಮಗು ಎಂಟಕ್ಕೆ ಹಸಿದಿರುವುದಿಲ್ಲ. ಶಾಲೆಯಿಂದ ಬಂದ ಕೂಡಲೇ ಬಾಳೆಹಣ್ಣು, ಶೇಂಗಾ ಉಂಡೆ ಅಥವಾ ಅವಲಕ್ಕಿ ಕೊಟ್ಟು, ಆಮೇಲೆ ಊಟದವರೆಗೆ ಎರಡು ಗಂಟೆಯಾದರೂ ಬಾಯಿಗೆ ಬಿಡುವು ಕೊಟ್ಟರೆ ಸಾರನ್ನಕ್ಕೆ ತಾನಾಗಿ ರುಚಿ ಬರುತ್ತದೆ. ಹಾಲು ಒಳ್ಳೆಯದೇ. ಆದರೆ ದಿನಕ್ಕೆ ಅರ್ಧ ಲೀಟರ್ ಮೀರಿದರೆ ಅದು ಊಟದ ಜಾಗವನ್ನು ಕಸಿದುಕೊಳ್ಳುತ್ತದೆ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಬೇಳೆ, ಕಾಳು, ಸೊಪ್ಪು ತಟ್ಟೆಯಿಂದ ಜಾರಿಹೋಗದಂತೆ ನೋಡಿಕೊಳ್ಳಬೇಕಾದ್ದು ಇದಕ್ಕಾಗಿಯೇ.

ಇನ್ನು ಅಡುಗೆ. ಕುಕ್ಕರಿನೊಳಗೆ ಒತ್ತಡ ಏರಿದಾಗ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಹಿಡಿಯುವ ತೊಗರಿಬೇಳೆ ಮೂರ್ನಾಲ್ಕು ಕೂಗಿಗೆ ಬೆಂದುಬಿಡುತ್ತದೆ. ತಳದ ಪಾತ್ರೆಯಲ್ಲಿ ಹದಿನೈದು ನಿಮಿಷ ನೆನೆದ ಬೇಳೆಗೆ ಚಿಟಿಕೆ ಅರಿಸಿನ, ಎರಡು ಹನಿ ಎಣ್ಣೆ, ನಡುವೆ ಅಕ್ಕಿ, ಮೇಲೆ ದಪ್ಪ ಹೋಳು ಮಾಡಿದ ಆಲೂಗಡ್ಡೆ, ಗಜ್ಜರಿ ಅಥವಾ ಬೀಟ್‌ರೂಟ್. ಹುರುಳಿಕಾಯಿಯಂಥ ಎಳೆಯ ತರಕಾರಿ ಇಷ್ಟು ಕೂಗಿಗೆ ಕರಗಿಹೋಗುತ್ತದೆ, ಅದನ್ನು ಬಾಣಲೆಯಲ್ಲಿ ಬೇರೆಯಾಗಿ ಬೇಯಿಸುವುದು ಮೇಲು. ಮುಚ್ಚಳ ತೆಗೆದಾಗ ಬೇಳೆಯನ್ನು ಚೆನ್ನಾಗಿ ಮಸೆದು, ಎರಡು ಸೌಟು ಬೇರೆ ತೆಗೆದಿಟ್ಟು, ಉಪ್ಪು, ತುಪ್ಪ-ಜೀರಿಗೆ ಒಗ್ಗರಣೆ, ನಾಲ್ಕು ಹನಿ ನಿಂಬೆರಸ ಹಾಕಿದರೆ ಮಗುವಿಗೂ ಅಜ್ಜನಿಗೂ ತೊವ್ವೆ ಸಿದ್ಧ. ಉಳಿದದ್ದಕ್ಕೆ ಟೊಮೆಟೊ, ಹುಣಸೆರಸ, ಸಾರಿನ ಪುಡಿ ಬಿದ್ದು ಇಂಗಿನ ಒಗ್ಗರಣೆ ಸೇರಿದರೆ ಸಾರು. ಅನ್ನಕ್ಕೆ ಬೇಳೆ ಕೂಡಿದಾಗ ಒಂದರಲ್ಲಿ ಕೊರತೆಯಿರುವ ಅಮೈನೋ ಆಮ್ಲಗಳನ್ನು ಇನ್ನೊಂದು ತುಂಬಿಕೊಡುತ್ತದೆ. ನಿಂಬೆಯ ಸಿ ಜೀವಸತ್ವವು ಬೇಳೆಯಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಿಸಲು ನೆರವಾಗುತ್ತದೆ. ಒಲೆ ಆರಿಸಿದ ಮೇಲೆ ಹಿಂಡಬೇಕು, ಕುದಿಸಿದರೆ ಆ ಸತ್ವ ನಷ್ಟವಾಗುತ್ತದೆ.

ಈ ಕವಲಿನ ಅಡುಗೆಯಲ್ಲಿ ಎಲ್ಲಕ್ಕಿಂತ ಜಾಣತನದ್ದು ಮಂಡ್ಯ, ಮೈಸೂರು, ಹಾಸನದ ಕಡೆಯ ಬಸ್ಸಾರು. ದಂಟಿನ ಸೊಪ್ಪನ್ನೋ ಬೇರಾವುದೋ ಸೊಪ್ಪನ್ನೋ ಬೇಳೆ ಅಥವಾ ಅಲಸಂದೆ ಕಾಳಿನ ಜೊತೆ ಧಾರಾಳ ನೀರಿನಲ್ಲಿ ಉಪ್ಪು ಹಾಕಿ ಬೇಯಿಸಿ, ಕಟ್ಟನ್ನು ಬಸಿದುಕೊಳ್ಳುತ್ತಾರೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಖಾರದ ಪುಡಿ, ತೆಂಗಿನಕಾಯಿ, ಹುಣಸೆಹಣ್ಣಿನ ಜೊತೆ ಬೆಂದ ಸೊಪ್ಪು-ಬೇಳೆ ಒಂದು ಹಿಡಿ ಸೇರಿಸಿ ರುಬ್ಬಿ, ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಬಸಿದುಳಿದ ಸೊಪ್ಪು-ಬೇಳೆಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಸೊಪ್ಪಿನ ಎಸಳು ನಾಲಿಗೆಗೆ ಸಿಕ್ಕರೆ ಮುಖ ಸಿಂಡರಿಸುವ ಮಗು ಅದೇ ಸೊಪ್ಪಿನ ಸಾರನ್ನು ಮುದ್ದೆಗೋ ಅನ್ನಕ್ಕೋ ಕಲಸಿಕೊಂಡು ಉಣ್ಣುತ್ತದೆ. ತೀರಾ ಚಿಕ್ಕ ಮಕ್ಕಳಿಗೆ ಮಸಾಲೆ ಬೀಳುವ ಮೊದಲೇ ಒಂದು ಸೌಟು ಕಟ್ಟು ತೆಗೆದಿಟ್ಟು, ಬಿಸಿ ಅನ್ನಕ್ಕೆ ತುಪ್ಪದ ಜೊತೆ ಹಾಕಿಕೊಟ್ಟರೆ ಸಾಕು. ಪಲ್ಯ ತಟ್ಟೆಯ ಪಕ್ಕದಲ್ಲಿ ಚಮಚದಷ್ಟು ಇದ್ದೇ ಇರಲಿ. ರಾಗಿಮುದ್ದೆಯಾದರೆ ಇನ್ನೂ ಲಾಭ: ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ, ಬೇರೆ ಯಾವ ಸಾಮಾನ್ಯ ಧಾನ್ಯದಲ್ಲೂ ಇಷ್ಟಿಲ್ಲ.

ತರಕಾರಿಯನ್ನು ರುಬ್ಬಿ ಬಚ್ಚಿಟ್ಟು ತಿನ್ನಿಸುವುದು ಸರಿಯೇ ಎಂಬ ಪ್ರಶ್ನೆ ಪದೇ ಪದೇ ಏಳುತ್ತದೆ. ಸತ್ವ ಹೊಟ್ಟೆಗೆ ಹೋಗುತ್ತದೆ, ಅದು ಸರಿ. ಆದರೆ ಗುಟ್ಟಾಗಿ ಹೋದ ಗಜ್ಜರಿಯ ಪರಿಚಯ ಮಗುವಿಗೆ ಆಗುವುದಿಲ್ಲ. ಕಣ್ಣಿಗೆ ಕಾಣುವಂತೆ, ರೂಪ ಬದಲಿಸಿ ಕೊಡುವುದು ಹೆಚ್ಚು ಫಲಿಸುತ್ತದೆ. ಅಕ್ಕಿ ರೊಟ್ಟಿ ಇದಕ್ಕೆ ಹೇಳಿ ಮಾಡಿಸಿದ್ದು. ಅಕ್ಕಿಹಿಟ್ಟಿಗೆ ತುರಿದ ಗಜ್ಜರಿ, ಸಣ್ಣಗೆ ಹೆಚ್ಚಿದ ಸಬ್ಬಸಿಗೆ, ಈರುಳ್ಳಿ, ಜೀರಿಗೆ ಸೇರಿಸಿ, ಮಿಕ್ಕ ಅನ್ನ ಒಂದು ಹಿಡಿ ಹಿಸುಕಿ ಹಾಕಿ ಕಲಸಿದರೆ ರೊಟ್ಟಿ ಬಿರುಸಾಗದು. ಮಕ್ಕಳ ರೊಟ್ಟಿ ತಟ್ಟಿದ ಮೇಲೆ ಉಳಿದ ಹಿಟ್ಟಿಗೆ ಹಸಿಮೆಣಸಿನಕಾಯಿ ಬೆರೆಸಿಕೊಳ್ಳಬಹುದು. ಬೆಂಡೆಕಾಯಿಯ ಲೋಳೆಯೇ ತೊಡಕಾಗಿದ್ದರೆ ತೊಳೆದು, ನೀರಿನ ಪಸೆ ಪೂರಾ ಒರೆಸಿ, ಆಮೇಲೆ ಹೆಚ್ಚಿ, ಮುಚ್ಚದೆ ಹುರಿಯಬೇಕು, ಉಪ್ಪು ಕೊನೆಗೆ. ಒಂದು ಚಮಚ ಹುಣಸೆರಸವೋ ಮೊಸರೋ ಬಿದ್ದರೆ ಲೋಳೆ ಮುರಿಯುತ್ತದೆ.

ಮುಕ್ಕಾಲು ಗಂಟೆ ಸಾಕಾಗಬೇಕಾದರೆ ಭಾನುವಾರದ ಒಂದಷ್ಟು ಹೊತ್ತನ್ನು ಅದಕ್ಕೆ ಕೊಡಬೇಕಾಗುತ್ತದೆ. ಕಾಯಿ ತುರಿದು ಫ್ರೀಜರಿನಲ್ಲಿಡುವುದು, ಸೊಪ್ಪು ಬಿಡಿಸಿ ತೊಳೆಯದೆ ಒಣಬಟ್ಟೆಯಲ್ಲಿ ಸುತ್ತಿಡುವುದು, ಕಾಳು ನೆನೆಹಾಕಿ ಮೊಳಕೆ ಬರಿಸುವುದು, ದೋಸೆಹಿಟ್ಟು ರುಬ್ಬುವುದು. ಹಿಟ್ಟು ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಬರುತ್ತದೆ: ಮೊದಲು ದೋಸೆ, ಆಮೇಲೆ ಮೊಟ್ಟೆದೋಸೆ, ಹುಳಿ ಏರಿದ ದಿನ ಈರುಳ್ಳಿ, ಕೊತ್ತಂಬರಿ ಹಾಕಿದ ಪಡ್ಡು. ಉತ್ತರ ಕರ್ನಾಟಕದ ಮನೆಗಳಲ್ಲಿ ವಾರಗಟ್ಟಲೆ ಕೆಡದ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸದಾ ಇರುತ್ತವೆ. ಮೊಳಕೆ ಮಡಕಿಕಾಳಿನ ಪಲ್ಯವೊಂದಾದರೆ, ಮೊಸರಿನ ಜೊತೆ ಊಟ ಪೂರ್ತಿ. ಒಂದು ಎಚ್ಚರಿಕೆ: ಚಿತ್ರಾನ್ನಕ್ಕೆಂದು ಮಿಕ್ಕ ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಡಬಾರದು. ಬೆಂದ ಅನ್ನದಲ್ಲೂ ಉಳಿಯುವ ಕೆಲವು ಬ್ಯಾಕ್ಟೀರಿಯಾಗಳು ಬೆಚ್ಚಗಿನ ಹೊತ್ತಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು.

ಏನು ಬಡಿಸಿದೆ ಎಂಬಷ್ಟೇ ಮುಖ್ಯ, ಯಾರ ಜೊತೆ ಕೂತು ಉಣ್ಣುತ್ತಾರೆ ಎಂಬುದು. ಬರ್ಚ್ 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೇಡವೆನ್ನುತ್ತಿದ್ದ ತರಕಾರಿಯನ್ನು ಇಷ್ಟಪಡುವ ಓರಗೆಯವರ ನಡುವೆ ಕೆಲವು ದಿನ ಕೂತ ಪುಟ್ಟ ಮಕ್ಕಳು ಅದನ್ನೇ ಆರಿಸಿಕೊಳ್ಳತೊಡಗಿದರು. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹವೆಂಬ ಶಾಲೆಯ ಬಿಸಿಯೂಟದ ಸಾಲುಪಂಕ್ತಿಯಲ್ಲೂ ಇದನ್ನು ಕಾಣಬಹುದು: ಮನೆಯಲ್ಲಿ ಮುಟ್ಟದ ಸಾಂಬಾರನ್ನು ಮಕ್ಕಳು ಶಾಲೆಯಲ್ಲಿ ಗೆಳೆಯರ ಜೊತೆ ಕೇಳಿ ಹಾಕಿಸಿಕೊಳ್ಳುತ್ತಾರೆ. ಅಜ್ಜಿಯರು ಮೊಮ್ಮಕ್ಕಳನ್ನೆಲ್ಲ ಸುತ್ತ ಕೂರಿಸಿ ಕೈತುತ್ತು ಹಾಕುತ್ತಿದ್ದುದರ ಬಲವೂ ಇದೇ. ಆದ್ದರಿಂದ ಮೊಬೈಲ್ ಮುಂದಿಟ್ಟು ಒಂಟಿಯಾಗಿ ತಿನ್ನಿಸುವ ಬದಲು, ರಾತ್ರಿ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕೂರುವುದು ಒಳಿತು. ತಟ್ಟೆಯಲ್ಲಿ ಮಗುವಿಗೆ ಖಂಡಿತ ಸೇರುವ ಒಂದು ಪದಾರ್ಥ, ಮೊಸರನ್ನವೇ ಆಗಲಿ, ಇದ್ದರೆ ಯಾರೂ ಹಸಿದು ಏಳುವುದಿಲ್ಲ.

ಹೆಚ್ಚಿನ ಮಕ್ಕಳ ಈ ಆಯ್ಕೆಯ ಗುಣ ಶಾಲೆಯ ಮೊದಲ ವರ್ಷಗಳಲ್ಲಿ ಸಡಿಲಗೊಳ್ಳುತ್ತದೆ. ಆದರೆ ತೂಕ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು, ಉಸಿರುಗಟ್ಟುವಿಕೆ ಕಂಡರೆ, ತಿನ್ನುವ ಪದಾರ್ಥಗಳು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತ ಬೆರಳೆಣಿಕೆಗೆ ಇಳಿದರೆ ಅದು ಅಡುಗೆಮನೆಯಲ್ಲಿ ಬಗೆಹರಿಯುವ ಸಂಗತಿಯಲ್ಲ. ಮಕ್ಕಳ ವೈದ್ಯರಿಗೆ ತಡಮಾಡದೆ ತೋರಿಸಬೇಕು.