ಕಡ್ಡಿಯಲ್ಲೇ ಉಳಿದ ಜೋಸ್ಟಾಬೆರಿ

ಜರ್ಮನಿಯ ಮನೆತೋಟಗಳಲ್ಲಿ ಆಳೆತ್ತರಕ್ಕೆ ಬೆಳೆಯುವ, ಮುಳ್ಳಿಲ್ಲದ ಪೊದೆಯೊಂದಿದೆ. ಜುಲೈ ಹೊತ್ತಿಗೆ ಅದರ ತುಂಬ ಹುಳಿ ಬೆರೆತ ಸಿಹಿಯ ಕಪ್ಪು ಹಣ್ಣು. ಹೆಸರು ಜೋಸ್ಟಾಬೆರಿ. ಬ್ಲ್ಯಾಕ್‌ಕರಂಟ್ ಮತ್ತು ಗೂಸ್‌ಬೆರಿಗಳನ್ನು ಕೂಡಿಸಿ ಪಡೆದ ಸಂಕರ ತಳಿ. (ಗೂಸ್‌ಬೆರಿ ಎಂದರೆ ಇಲ್ಲಿ ನೆಲ್ಲಿಕಾಯಿಯಲ್ಲ, ಚಳಿನಾಡಿನ ಒಂದು ಮುಳ್ಳುಪೊದೆ.) ಹಣ್ಣು ರುಚಿಯಾಗಿದೆಯೆಂದು ಅದರ ಬೀಜ ಬಿತ್ತಿದರೆ ಸಸಿ ಬರಬಹುದು, ಜೋಸ್ಟಾ ಬರುವುದಿಲ್ಲ. ಜೋಸ್ಟಾ ಬೇಕೆಂದರೆ ಪಕ್ಕದ ಮನೆಯವರಿಂದ ಕಡ್ಡಿಯನ್ನೇ ಕೇಳಿ ತರಬೇಕು.

ಈ ಎರಡು ಗಿಡಗಳ ಮದುವೆ ಸುಲಭದ್ದಾಗಿರಲಿಲ್ಲ. 1880ರ ದಶಕದಲ್ಲೇ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ವಿಲಿಯಂ ಕಲ್ವರ್‌ವೆಲ್ ಎಂಬ ತೋಟಗಾರ ಅವನ್ನು ಕೂಡಿಸಿದ್ದ. ಗಿಡವೇನೋ ಹುಟ್ಟಿತು, ಕಾಯಿ ಕಚ್ಚುವುದು ಮಾತ್ರ ಅಪರೂಪ. ಎರಡೂ ಜಾತಿಗಳಲ್ಲಿ ತಲಾ 16 ಕ್ರೋಮೋಸೋಮುಗಳು. ಸಂಕರ ಗಿಡಕ್ಕೆ ತಾಯಿಯಿಂದ 8, ತಂದೆಯಿಂದ 8. ಪರಾಗ ತಯಾರಾಗುವಾಗ ಇವು ಜೋಡಿ ಜೋಡಿಯಾಗಿ ನಿಲ್ಲಬೇಕು. ಬೇರೆ ಬೇರೆ ಜಾತಿಯಿಂದ ಬಂದವು ಸರಿಯಾಗಿ ಜೋಡಿಯಾಗದೆ ಪರಾಗ ಬಂಜೆಯಾಗುತ್ತದೆ.

ದಾರಿ ತೋರಿಸಿದ್ದು ಕೋಲ್ಚಿಸಿನ್ ಎಂಬ ವಿಷ. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿರುವುದೂ ಇದೇ. ಕೋಶ ಒಡೆದು ಎರಡಾಗುವ ಮೊದಲು ಕ್ರೋಮೋಸೋಮುಗಳು ಇಮ್ಮಡಿಯಾಗುತ್ತವಷ್ಟೆ. ಅವನ್ನು ಎರಡು ಕಡೆಗೆ ಎಳೆಯುವ ನವಿರಾದ ಎಳೆಗಳು ಕಟ್ಟಿಕೊಳ್ಳದಂತೆ ಕೋಲ್ಚಿಸಿನ್ ತಡೆಯುತ್ತದೆ. ಕೋಶ ಒಡೆಯುವುದಿಲ್ಲ, ಇಮ್ಮಡಿ ಸಂಖ್ಯೆ ಹಾಗೇ ಉಳಿಯುತ್ತದೆ. ಹೀಗೆ 16 ಇದ್ದದ್ದು 32 ಆದಾಗ ಪ್ರತಿಯೊಂದಕ್ಕೂ ತನ್ನದೇ ಜೋಡಿ ಸಿಕ್ಕಿತು, ಬಂಜೆ ಗಿಡ ಕಾಯಿ ಬಿಟ್ಟಿತು. ಜರ್ಮನಿಯಲ್ಲಿ ಎರಡನೆಯ ಮಹಾಯುದ್ಧಕ್ಕೂ ಮೊದಲೇ ಶುರುವಾದ ಈ ತಳಿ ಕೆಲಸವನ್ನು ಕಲೋನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ರುಡಾಲ್ಫ್ ಬೌವರ್ ಮುಗಿಸಿದರು. ಜೋಸ್ಟಾ ತೋಟಗಾರರ ಕೈಗೆ ಬಂದದ್ದು 1977ರಲ್ಲಿ.

ಇಷ್ಟು ಕಷ್ಟಪಟ್ಟು ಸೇರಿಸಿದ ಗುಣಗಳು ಬೀಜದಲ್ಲಿ ಮತ್ತೆ ಕಲೆಸಿಹೋಗುತ್ತವೆ. ಒಂದು ಸಸಿಗೆ ಮುಳ್ಳು ಮರಳೀತು, ಇನ್ನೊಂದಕ್ಕೆ ರೋಗ ತಡೆಯುವ ಶಕ್ತಿ ತಪ್ಪೀತು. ಕಡ್ಡಿಯಲ್ಲಿ ಆ ಕಲೆಸಾಟವೇ ಇಲ್ಲ. ಅದು ಅದೇ ಗಿಡದ ಮುಂದುವರಿಕೆ.

ಎಲೆ ಉದುರಿದ ಮೇಲೆ, ನವೆಂಬರಿನಿಂದ ಚಳಿಗಾಲ ಮುಗಿಯುವುದರೊಳಗೆ ಕಡ್ಡಿ ಕೊಯ್ಯಬೇಕು. ಆ ವರ್ಷದ್ದೇ ಚಿಗುರು ಬಲಿತದ್ದು, ಪೆನ್ಸಿಲ್ ದಪ್ಪ, ಸುಮಾರು 20ರಿಂದ 25 ಸೆಂಟಿಮೀಟರ್ ಉದ್ದ. ಬುಡವನ್ನು ಗಿಣ್ಣಿನ ಕೆಳಗೆ ನೇರವಾಗಿ, ತುದಿಯನ್ನು ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸುತ್ತಾರೆ. ಓರೆ ಕತ್ತರಿಸಿದರೆ ಮಳೆನೀರು ಜಾರುತ್ತದೆ, ತಲೆ ಯಾವುದು ಬುಡ ಯಾವುದೆಂಬ ಗೊಂದಲವೂ ಇಲ್ಲ. ಈ ಎರಡನೆಯದೇ ಮುಖ್ಯ. ಬೇರು ಬರಿಸುವ ಆಕ್ಸಿನ್ ಎಂಬ ಹಾರ್ಮೋನು ಕಾಂಡದಲ್ಲಿ ತುದಿಯಿಂದ ಬುಡದ ಕಡೆಗೆ ಹರಿಯುತ್ತದೆ. ಬುಡದ ಗಾಯದ ಬಳಿ ಅದು ಶೇಖರವಾದಾಗಲೇ ಅಲ್ಲಿನ ಕೋಶಗಳು ಬೇರಾಗಿ ತಿರುಗುತ್ತವೆ. ತಲೆಕೆಳಗಾಗಿ ಚುಚ್ಚಿದ ಕಡ್ಡಿಯಲ್ಲೂ ಆಕ್ಸಿನ್ ತನ್ನ ಹಳೆಯ ದಿಕ್ಕನ್ನೇ ಹಿಡಿಯುತ್ತದೆ. ಅಂಗಡಿಯ ಬೇರುಪುಡಿಯಲ್ಲಿ ಇರುವುದೂ ಇದೇ ಬಗೆಯ ರಾಸಾಯನಿಕ. ಜೋಸ್ಟಾಗೆ ಅದರ ಹಂಗಿಲ್ಲ.

ಕಡ್ಡಿಯ ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ ಹೋಗಲಿ, ಎರಡು ಮೂರು ಕಣ್ಣು ಮೇಲಿದ್ದರೆ ಸಾಕು. ವಸಂತದಲ್ಲಿ ಚಿಗುರು ಕಂಡ ಕೂಡಲೇ ಬೇರು ಬಂತೆಂದು ಕಿತ್ತು ನೋಡುವವರಿದ್ದಾರೆ. ಆ ಚಿಗುರು ಕಡ್ಡಿಯಲ್ಲೇ ಕೂಡಿಟ್ಟ ಪಿಷ್ಟದ ಬಲದಿಂದ ಬಂದಿರಬಹುದು. ಇನ್ನೊಂದು ಶರತ್ಕಾಲದವರೆಗೆ ಅದನ್ನು ಅಲ್ಲಾಡಿಸದಿರುವುದೇ ಒಳ್ಳೆಯದು. ಕಡ್ಡಿಗೆ ಗುಣದ ಜೊತೆ ರೋಗವೂ ಅಂಟಿಕೊಂಡು ಬರುವುದರಿಂದ, ಹಣ್ಣು ಬಿಟ್ಟಾಗ ಕಣ್ಣಾರೆ ನೋಡಿದ ಆರೋಗ್ಯವಂತ ಗಿಡವನ್ನೇ ಆರಿಸಬೇಕು.

ಬೆಂಗಳೂರಿನ ಕೈತೋಟಕ್ಕೆ ಇದು ಒಗ್ಗದು. ವಾರಗಟ್ಟಲೆ ಕೊರೆಯುವ ಚಳಿಯಿಲ್ಲದೆ ಜೋಸ್ಟಾದ ಮೊಗ್ಗು ಏಳುವುದಿಲ್ಲ. ಆದರೆ ಕಡ್ಡಿಯ ಕೆಲಸವನ್ನು ನಮ್ಮ ರೇಷ್ಮೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಬಂದ ವಿ-1 ಹಿಪ್ಪುನೇರಳೆಯೂ ಸಂಕರ ತಳಿಯೇ. ಅದು ರಾಮನಗರ, ಕೋಲಾರಗಳ ಹೊಲಗಳಿಗೆಲ್ಲ ಹಬ್ಬಿದ್ದು ಕಡ್ಡಿಯಿಂದ.