ದೋಣಿಯ ಹೊಟ್ಟೆಯಲ್ಲಿ ತಣ್ಣೀರಿನ ಸರದಿ

ಸದಾ ನೀರಿನ ಮೇಲೆಯೇ ಓಡುವ ದೋಣಿಯ ಯಂತ್ರಕ್ಕೂ ಬಿಸಿ ಏರುವುದುಂಟೇ? ಸುತ್ತ ಇಷ್ಟೊಂದು ನೀರಿರುವಾಗ ಅದು ಕಾಯುವುದಾದರೂ ಹೇಗೆ ಎಂದು ಅನ್ನಿಸುವುದು ಸಹಜ. ಆದರೆ ನೀರಿರುವುದು ದೋಣಿಯ ಹೊರಗೆ, ಯಂತ್ರವಿರುವುದು ಒಳಗೆ. ಹೊರಗಿನ ತಂಪನ್ನು ಒಳಗಿನ ಬಿಸಿಗೆ ಮುಟ್ಟಿಸುವ ಕೊಳವೆಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದರಲ್ಲಿ ಶಾಲೆಯ ಭೌತಶಾಸ್ತ್ರದ ಪಾಠವೊಂದು ಅಡಗಿದೆ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಸೇಂಟ್ ಕ್ಲೇರ್ ನದಿಯ ದಡದಲ್ಲಿ ಆಲ್ಗೊನಾಕ್ ಎಂಬ ಊರಿದೆ. ಕ್ರಿಸ್ ಸ್ಮಿತ್ ಎಂಬವರು ತಮ್ಮ ಮಕ್ಕಳೊಡನೆ 1922ರಲ್ಲಿ ಇಲ್ಲಿ ಕಟ್ಟಿದ ದೋಣಿ ಕಂಪನಿಯೇ ಮುಂದೆ ‘ಕ್ರಿಸ್ ಕ್ರಾಫ್ಟ್’ ಎಂದು ಹೆಸರಾಯಿತು. ಮಹಾಗನಿ ಮರದ, ಮಿರುಗುವ ವಾರ್ನಿಷ್‌ನ ಆ ಮೋಟಾರು ದೋಣಿಗಳನ್ನು ಜೋಪಾನ ಮಾಡಿಕೊಂಡು ಬರುತ್ತಿರುವವರು ಇಂದಿಗೂ ಇದ್ದಾರೆ. 1975ರಲ್ಲಿ ಹುಟ್ಟಿದ ಆಂಟಿಕ್ ಅಂಡ್ ಕ್ಲಾಸಿಕ್ ಬೋಟ್ ಸೊಸೈಟಿ ಇಂಥವರದೇ ಸಂಘ. 1943ರಿಂದ 1975ರವರೆಗೆ ತಯಾರಾದ ದೋಣಿಗಳನ್ನು ಅದು ‘ಕ್ಲಾಸಿಕ್’ ಎಂದು ಗುರುತಿಸುತ್ತದೆ. ಎಂಜಿನ್ ದೋಣಿಯ ಒಡಲೊಳಗೇ ಕುಳಿತಿದ್ದರೆ ಅದು ‘ಇನ್‌ಬೋರ್ಡ್’ ದೋಣಿ.

ಎಣ್ಣೆಗೆ ಮೂರು ಕೆಲಸ

ಎಂಜಿನ್ನಿಗೂ ಹಿಂದಿನ ಪ್ರೊಪೆಲರ್‌ಗೂ ನಡುವೆ ಗೇರ್ ಬಾಕ್ಸ್ ಇರುತ್ತದೆ. ದೋಣಿಯನ್ನು ಮುಂದಕ್ಕೋ ಹಿಂದಕ್ಕೋ ಓಡಿಸುವುದು ಇದರ ಕೆಲಸ. ಬೋರ್ಗ್ ವಾರ್ನರ್ ಕಂಪನಿಯ ‘ವೆಲ್ವೆಟ್ ಡ್ರೈವ್’ ಎಂಬ ಗೇರ್ ಬಾಕ್ಸ್ ಆ ಕಾಲದ ಅನೇಕ ದೋಣಿಗಳಲ್ಲಿ ಕಾಣಸಿಗುತ್ತದೆ. ಅದರೊಳಗಿನ ಎಣ್ಣೆಗೆ ಮೂರು ಕೆಲಸ: ಒತ್ತಡದಿಂದ ಕ್ಲಚ್ ಬಿಲ್ಲೆಗಳನ್ನು ಅದುಮಿ ಹಿಡಿಯುವುದು, ಹಲ್ಲುಚಕ್ರಗಳು ಸವೆಯದಂತೆ ಕಾಯುವುದು, ಹುಟ್ಟಿದ ಶಾಖವನ್ನು ಹೊತ್ತು ಹೊರಗೆ ಸಾಗಿಸುವುದು. ಎಣ್ಣೆ ಅತಿಯಾಗಿ ಕಾದರೆ ಈ ಮೂರೂ ಕೆಡುತ್ತವೆ.

ಶಾಖ ಎಷ್ಟು ಹುಟ್ಟೀತು? ಎಂಜಿನ್ನಿನ ಶಕ್ತಿ 200 ಅಶ್ವಶಕ್ತಿ, ಅದರಲ್ಲಿ ಶೇಕಡಾ 3 ಭಾಗ ಗೇರ್ ಬಾಕ್ಸಿನಲ್ಲಿ ಶಾಖವಾಗುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅದು ಸುಮಾರು 4.5 ಕಿಲೋವಾಟ್ ಆಗುತ್ತದೆ. ಸ್ನಾನದ ನೀರು ಕಾಯಿಸುವ 1.5 ಕಿಲೋವಾಟಿನ ಮೂರು ಕಾಯಿಲ್‌ಗಳನ್ನು ಆ ಎಣ್ಣೆಯಲ್ಲಿ ಮುಳುಗಿಸಿಟ್ಟಂತೆ!

ಈ ಶಾಖವನ್ನು ತೆಗೆಯಲು ಆಯಿಲ್ ಕೂಲರ್ ಬೇಕು. ಲೋಹದ ಉರುಳೆಯೊಳಗೆ ಸಣ್ಣ ಕೊಳವೆಗಳ ಕಟ್ಟು. ಕೊಳವೆಗಳೊಳಗೆ ಕೆರೆಯ ನೀರು, ಅವುಗಳ ಸುತ್ತ ಬಿಸಿ ಎಣ್ಣೆ. ಒಂದನ್ನೊಂದು ಮುಟ್ಟದೆಯೇ ಶಾಖ ಮಾತ್ರ ಲೋಹದ ಗೋಡೆ ದಾಟುತ್ತದೆ.

ಮೊದಲ ಸರದಿ ಯಾರಿಗೆ?

ದೋಣಿಯ ತಳದ ರಂಧ್ರದಿಂದ ಪಂಪು ನೀರೆಳೆಯುತ್ತದೆ. ಈ ತಣ್ಣೀರು ಮೊದಲು ಎಲ್ಲಿಗೆ ಹೋಗಬೇಕು? ಹೆಚ್ಚು ಶಾಖವಿರುವ ಎಂಜಿನ್ನಿಗೆ ಎಂದು ಅನ್ನಿಸಬಹುದು. ಆದರೆ ರೂಢಿಯಲ್ಲಿ ಮೊದಲ ಸರದಿ ಗೇರ್ ಬಾಕ್ಸಿನ ಕೂಲರ್‌ಗೇ. ನಿಮಿಷಕ್ಕೆ 20 ಲೀಟರ್ ನೀರು ಹರಿದರೆ, ಮೇಲಿನ 4.5 ಕಿಲೋವಾಟ್ ಶಾಖ ಅದನ್ನು ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಷ್ಟು ಮಾತ್ರ ಬೆಚ್ಚಗಾಗಿಸುತ್ತದೆ. ಎಂಜಿನ್ನಿಗೆ ಅದು ಇನ್ನೂ ತಣ್ಣೀರೇ. ಸರದಿ ತಿರುಗಿಸಿದರೆ ಎಂಜಿನ್ನಿನಿಂದ ಕಾದು ಬಂದ ನೀರು ಕೂಲರ್ ಸೇರುತ್ತದೆ. ಎಣ್ಣೆ ಆರುವುದು ಕಷ್ಟ.

ಇನ್ನೊಂದು ಜಾಣತನವೂ ಇದೆ. ಕೂಲರ್‌ನಲ್ಲಿ ಎಣ್ಣೆ ಒಂದು ದಿಕ್ಕಿಗೆ ಹರಿದರೆ ನೀರು ಅದಕ್ಕೆದುರಾಗಿ ಹರಿಯಬೇಕು. ಆಗ ಹೊರಡಲಿರುವ ಎಣ್ಣೆಗೆ ಆಗತಾನೇ ಬಂದ ತಣ್ಣೀರು ಎದುರಾಗುತ್ತದೆ. ಎರಡೂ ಒಂದೇ ದಿಕ್ಕಿಗೆ ಹರಿದರೆ, ಹೊರಬರುವ ಎಣ್ಣೆ ಹೊರಬರುವ ನೀರಿಗಿಂತ ತಣ್ಣಗಾಗುವುದು ಸಾಧ್ಯವೇ ಇಲ್ಲ.

ಜೋಡಣೆಯಲ್ಲೂ ಎಚ್ಚರ ಬೇಕು. ಎಣ್ಣೆಯ ಕಡೆಗೆ ಒತ್ತಡ ಹಾಗೂ ಬಿಸಿ ಎಣ್ಣೆ ತಡೆಯುವ ಹೋಸ್ ಪೈಪೇ ಆಗಬೇಕು. ತೋಟಕ್ಕೆ ನೀರು ಬಿಡುವ ಪೈಪು ಸಲ್ಲದು. ನೀರಿನ ಪೈಪಿನ ಒಂದೊಂದು ತುದಿಗೂ ಎರಡು ಸ್ಟೇನ್‌ಲೆಸ್ ಕ್ಲಾಂಪ್ ಬಿಗಿಯುವುದು ಕ್ಷೇಮ. ಒಂದು ಸಡಿಲವಾದರೂ ಇನ್ನೊಂದು ಹಿಡಿದಿರುತ್ತದೆ. ಇಲ್ಲದಿದ್ದರೆ ಕೆರೆಯೇ ದೋಣಿಯೊಳಗೆ ಬಂದೀತು. ಪಂಪಿನ ರಬ್ಬರ್ ರೆಕ್ಕೆ ಮುರಿದರೆ ಅದರ ಚೂರುಗಳು ಮುಂದಿನ ಕೂಲರ್‌ನ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತವೆ. ಹೀಗಾಗಿ ಹೊಸ ರೆಕ್ಕೆ ಹಾಕಿದ ಮಾತ್ರಕ್ಕೆ ರಿಪೇರಿ ಮುಗಿಯಲಿಲ್ಲ. ಹಳೆಯ ಚೂರುಗಳೆಲ್ಲ ಸಿಕ್ಕವೇ ಎಂದು ಎಣಿಸಬೇಕು. ಹೊಸ ಕೂಲರ್ ಕೂರಿಸಿದ ಮೇಲೆ ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿದ ಕೂಡಲೇ ಎಣ್ಣೆಯ ಮಟ್ಟ ನೋಡಬೇಕು. ಕೂಲರ್ ಮತ್ತು ಪೈಪುಗಳು ಕುಡಿದಷ್ಟು ಎಣ್ಣೆಯನ್ನು ಮತ್ತೆ ತುಂಬಬೇಕಾಗುತ್ತದೆ.

ಗುಲಾಬಿ ಬಣ್ಣದ ಎಚ್ಚರಿಕೆ

ಕೂಲರ್‌ನ ದೊಡ್ಡ ಶತ್ರು ಬೇಸಿಗೆಯಲ್ಲ, ಚಳಿಗಾಲ. ಮಿಷಿಗನ್‌ನಲ್ಲಿ ಆಗ ನೀರು ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಕೂಲರ್‌ನಲ್ಲಿ ನೀರು ಉಳಿದಿದ್ದರೆ ಒಳಗಿನ ಕೊಳವೆ ಸೀಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣಿಸದು.

ವಸಂತದಲ್ಲಿ ದೋಣಿ ನೀರಿಗಿಳಿದಾಗ ಇದರ ಫಲ ಕಾಣುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ ಎಣ್ಣೆಯ ಒತ್ತಡವೇ ಹೆಚ್ಚಿರುವುದರಿಂದ ಎಣ್ಣೆ ನೀರಿಗೆ ಸೇರಿ ಕೆರೆಯ ಪಾಲಾಗುತ್ತದೆ. ನಿಲ್ಲಿಸಿದಾಗ ನೀರು ಎಣ್ಣೆಯ ಕಡೆಗೆ ಜಿನುಗಬಹುದು. ಅಳತೆ ಕಡ್ಡಿ ಎಳೆದು ನೋಡಿದರೆ ಕೆಂಪು ಎಣ್ಣೆ ಗುಲಾಬಿ ಹಾಲಿನಂತೆ ಬೆಳ್ಳಗಾಗಿರುತ್ತದೆ. ಅದನ್ನು ಗಮನಿಸದೆ ಹೊರಟರೆ ಕ್ಲಚ್ ಜಾರತೊಡಗಿ, ಎಂಜಿನ್ ಅಬ್ಬರಿಸಿದರೂ ದೋಣಿ ನಡುನೀರಿನಲ್ಲಿ ಕದಲದೆ ನಿಂತೀತು.

ಇದನ್ನು ತಡೆಯುವ ಉಪಾಯ ಸುಲಭ. ಚಳಿ ಬರುವ ಮುನ್ನ ಕೂಲರ್‌ನ ಅಡಿಯ ಬಿರಡೆ ತೆಗೆದು ನೀರು ಬಸಿಯಬೇಕು. ಹನಿಯೂ ಬರಲಿಲ್ಲವೆಂದರೆ ಒಳಗೆ ನೀರಿಲ್ಲ ಎಂದು ನಂಬುವಂತಿಲ್ಲ. ರಂಧ್ರಕ್ಕೆ ಕೆಸರು ಕಟ್ಟಿಕೊಂಡಿರಬಹುದು. ತಂತಿ ಹಾಕಿ ಚುಚ್ಚಿ ನೋಡಬೇಕು. ಐದು ನಿಮಿಷದ ಈ ಕೆಲಸ ಒಂದು ಗೇರ್ ಬಾಕ್ಸನ್ನೇ ಉಳಿಸುತ್ತದೆ.